3.0 ದೊಡ್ಡದೋ, 1.86 ದೊಡ್ಡದೋ?



ಮೇಲಿನ ಪ್ರಶ್ನೆಯನ್ನು ಐದನೆಯ ತರಗತಿಯ ಯಾರನ್ನು ಕೇಳಿದರೂ ತಟ್ಟನೆ ಉತ್ತರ ಹೇಳುತ್ತಾರೆ. 3.0 ದೊಡ್ಡದು. ಅದರಲ್ಲಿ ಅನುಮಾನವೇನಿದೆ? 2007ರಲ್ಲಿ ನಾನೂ ಹಾಗೆಯೇ ಹೇಳಿದ್ದೆ. ಹೇಳಿದ್ದಷ್ಟೇ ಅಲ್ಲ, ಬೇರೆ ಉತ್ತರ ಬರೆದಿದ್ದ ಒಬ್ಬ ವಿದ್ಯಾರ್ಥಿನಿಯ ನೋಟ್‌ಬುಕ್ಕಿನ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದಿದ್ದೆ. ತಪ್ಪು ಅವಳದಲ್ಲ, ನನ್ನದು ಎಂದು ತಿಳಿಯಲು ನನಗೆ ಆರು ತಿಂಗಳು ಬೇಕಾಯಿತು. ಆ ಪ್ರಸಂಗವನ್ನೂ ಅದರ ಹಿಂದಿರುವ ವಿಜ್ಞಾನವನ್ನೂ ಇಂದು ನಿಮಗೆ ಹೇಳುತ್ತೇನೆ.

ಎರಡು ಕಂಪ್ಯೂಟರ್‌ಗಳು

ಆಗ ನಾನು ಎಂ.ಎಸ್ಸಿ. ಮುಗಿಸಿ ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಹೊಸದಾಗಿ ಬಂದಿದ್ದ ವಿಜ್ಞಾನ ಮೇಷ್ಟ್ರು. ಶಾಲೆಯಲ್ಲಿ ಎರಡು ಕಂಪ್ಯೂಟರ್‌ಗಳಿದ್ದವು. ಒಂದು ಮೊದಲಿನಿಂದಲೂ ಇದ್ದದ್ದು. ಅದರ ಮೇಲಿನ ಚೀಟಿಯಲ್ಲಿ '3.0 ಗಿಗಾಹರ್ಟ್ಸ್' ಎಂದು ಬರೆದಿತ್ತು. ಇನ್ನೊಂದನ್ನು ಅದೇ ಊರಿನಿಂದ ಬೆಂಗಳೂರಿಗೆ ಹೋಗಿ ಕೆಲಸಕ್ಕೆ ಸೇರಿದ್ದ ಹಳೆಯ ವಿದ್ಯಾರ್ಥಿಯೊಬ್ಬರು ಕೊಡಿಸಿದ್ದರು. ಅದರ ಚೀಟಿಯಲ್ಲಿ '1.86 ಗಿಗಾಹರ್ಟ್ಸ್' ಎಂದಿತ್ತು.

ಮಕ್ಕಳೆಲ್ಲರಿಗೂ 3.0 ಬೇಕು! ದಿನವೂ ಅದಕ್ಕಾಗಿ ನೂಕುನುಗ್ಗಲು. ಗಲಾಟೆ ತಪ್ಪಿಸಲು ನಾನೊಂದು ನಿಯಮ ಮಾಡಿದೆ. ಕಿರುಪರೀಕ್ಷೆಯಲ್ಲಿ ಹೆಚ್ಚು ಅಂಕ ತೆಗೆದವರು 3.0ರ ಮುಂದೆ, ಉಳಿದವರು 1.86ರ ಮುಂದೆ ಕುಳಿತುಕೊಳ್ಳಬೇಕು. ಒಳ್ಳೆಯ ಯಂತ್ರ ಒಳ್ಳೆಯ ವಿದ್ಯಾರ್ಥಿಗಳಿಗೆ ಎಂಬುದು ನನ್ನ ಆಗಿನ ನ್ಯಾಯ. ಇಂದು ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ.

ಆ ಡಿಸೆಂಬರ್‌ನಲ್ಲಿ ಶಾಲೆಯ ಪ್ರತಿಭಾ ಕಾರಂಜಿಯ ಫೋಟೋಗಳನ್ನು ಒತ್ತಿ, ಒಂದೇ ಕಡತ ಮಾಡಿ, ಸಿ.ಡಿ.ಗೆ ಹಾಕಬೇಕಾಗಿತ್ತು. ಕಲಿಯಲೆಂದು ಎರಡೂ ಗುಂಪುಗಳಿಗೆ ಅದೇ ಫೋಟೋಗಳನ್ನು ಕೊಟ್ಟೆ. ಸ್ವಲ್ಪ ಹೊತ್ತಿಗೆ 1.86ರ ಗುಂಪಿನಿಂದ ಏಳನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು.

"ಸಾ, ನಮ್ದೇ ಮೊದ್ಲು ಮುಗೀತು."

"ನೀವು ಮೊದಲು ಶುರು ಮಾಡಿರಬೇಕು, ಕೂತ್ಕೋ" ಎಂದೆ.

ಮರುದಿನ ಅವಳು ನೋಟ್‌ಬುಕ್ ತಂದಳು. ಗೋಡೆ ಗಡಿಯಾರದ ಸೆಕೆಂಡು ಮುಳ್ಳು ನೋಡಿಕೊಂಡು ಎರಡೂ ಯಂತ್ರಗಳಲ್ಲಿ ಮೂರು ಮೂರು ಸಲ ಅಳೆದಿದ್ದಳು. 3.0ರಲ್ಲಿ ಸುಮಾರು 160 ಸೆಕೆಂಡು, 1.86ರಲ್ಲಿ ಸುಮಾರು 130 ಸೆಕೆಂಡು. ಕೆಳಗೆ ಒಂದು ವಾಕ್ಯ: 'ಚಿಕ್ಕ ಅಂಕಿಯ ಕಂಪ್ಯೂಟರ್ ಬೇಗ ಮಾಡುತ್ತದೆ.'

ನಾನು ಆ ಪುಟಕ್ಕೆ ಗೆರೆ ಎಳೆದು 'ತಪ್ಪು, ಅಳತೆ ಸರಿಯಿಲ್ಲ' ಎಂದು ಬರೆದೆ. ಅವಳು ಏನೂ ಹೇಳದೆ ಹೋಗಿ ಕುಳಿತಳು.

ಗಮನಿಸಿ ಮಕ್ಕಳೇ. "ಎರಡೂ ಯಂತ್ರಗಳ ಮೆಮೊರಿ ಒಂದೇ ಇದೆಯೇ? ಡಿಸ್ಕ್ ಒಂದೇ ಬಗೆಯದೇ? ಇನ್ನೊಂದು ಕೆಲಸ ಕೊಟ್ಟು ನೋಡೋಣವೇ?" ಎಂದು ನಾನು ಕೇಳಿದ್ದರೆ ಅದು ವಿಜ್ಞಾನ. ಅಳೆದು ತಂದವಳಿಗೆ, ಅಳೆಯದೇ ಇದ್ದ ನಾನು 'ತಪ್ಪು' ಎಂದದ್ದು ವಿಜ್ಞಾನವಲ್ಲ.

ಹೆಜ್ಜೆ ಎಷ್ಟು? ಹೆಜ್ಜೆಯ ಉದ್ದ ಎಷ್ಟು?

2008ರ ಬೇಸಿಗೆಯಲ್ಲಿ ನಮಗೊಂದು ತರಬೇತಿ ಇತ್ತು. ಕಂಪ್ಯೂಟರ್ ಬಗ್ಗೆ ಹೇಳಲು ಬಂದ ಉಪನ್ಯಾಸಕರು ಕಪ್ಪು ಹಲಗೆಯ ಮೇಲೆ ಒಂದೇ ಒಂದು ಸಾಲು ಬರೆದರು.

ಒಂದು ಸೆಕೆಂಡಿನ ಕೆಲಸ = ಸೆಕೆಂಡಿಗೆ ಎಷ್ಟು ಟಿಕ್ × ಪ್ರತಿ ಟಿಕ್ಕಿಗೆ ಎಷ್ಟು ಕೆಲಸ

ಅದನ್ನು ನೋಡಿದ ಕೂಡಲೇ ನನಗೆ ಆ ಕೆಂಪು ಗೆರೆ ನೆನಪಾಯಿತು.

ಕಂಪ್ಯೂಟರಿನ ಒಳಗೆ ಲೆಕ್ಕ ಮಾಡುವ ಮುಖ್ಯ ಭಾಗಕ್ಕೆ ಪ್ರೊಸೆಸರ್ ಅಥವಾ ಸಂಸ್ಕಾರಕ ಎನ್ನುತ್ತಾರೆ. ಅದು ಸಿಲಿಕಾನ್‌ನ ಒಂದು ತುಣುಕು. ಅದರಲ್ಲೊಂದು ಗಡಿಯಾರದ ತಾಳವಿದೆ. ಪ್ರತಿ ಟಿಕ್ಕಿಗೂ ಕೆಲಸ ಒಂದು ಹೆಜ್ಜೆ ಮುಂದೆ ಹೋಗುತ್ತದೆ. 1 ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 100 ಕೋಟಿ ಟಿಕ್. 3.0 ಎಂದರೆ 300 ಕೋಟಿ!

ನೀವು ಅಪ್ಪನ ಜೊತೆ ಜಾತ್ರೆಗೆ ನಡೆದು ಹೋಗಿದ್ದೀರಲ್ಲವೇ? ಅಪ್ಪ ಒಂದು ಹೆಜ್ಜೆ ಇಡುವಷ್ಟರಲ್ಲಿ ನೀವು ಎರಡು ಹೆಜ್ಜೆ ಇಡುತ್ತೀರಿ. ಆದರೂ ಅಪ್ಪನೇ ಮುಂದೆ! ಹೆಜ್ಜೆಗಳ ಸಂಖ್ಯೆ ಮಾತ್ರ ಎಣಿಸಿದರೆ ನೀವು ಗೆದ್ದಿರಿ. ದೂರ ಅಳೆದರೆ ಅಪ್ಪ ಗೆದ್ದರು.

ಈಗ ಆ ಹುಡುಗಿಯ ಅಳತೆಗೆ ಲೆಕ್ಕ ಹಾಕೋಣ. ಮೊದಲ ಯಂತ್ರ 160 ಸೆಕೆಂಡು ಕೆಲಸ ಮಾಡಿತು. 160 × 300 ಕೋಟಿ = 48,000 ಕೋಟಿ ಟಿಕ್. ಎರಡನೆಯದು 130 ಸೆಕೆಂಡು. 130 × 186 ಕೋಟಿ = 24,180 ಕೋಟಿ ಟಿಕ್. ಅದೇ ಕೆಲಸವನ್ನು ಎರಡನೆಯ ಯಂತ್ರ ಸುಮಾರು ಅರ್ಧದಷ್ಟು ಟಿಕ್‌ಗಳಲ್ಲೇ ಮುಗಿಸಿತ್ತು. ಅದರ ಹೆಜ್ಜೆ ನಿಧಾನ, ಆದರೆ ಉದ್ದ.

ಜೂನ್‌ನಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ಆ ಹುಡುಗಿ ಪಕ್ಕದ ಊರಿನ ಪ್ರೌಢಶಾಲೆಗೆ ಸೇರಿಯಾಗಿತ್ತು. ಒಂದು ಶನಿವಾರ ಸೈಕಲ್ಲು ತುಳಿದುಕೊಂಡು ಅಲ್ಲಿಗೆ ಹೋದೆ. "ನಿನ್ನ ಹಳೇ ವಿಜ್ಞಾನದ ನೋಟ್‌ಬುಕ್ ಇದೆಯೇನಮ್ಮಾ?" ಎಂದು ಕೇಳಿದೆ. ಸೋಮವಾರ ಅವಳ ತಮ್ಮನ ಕೈಯಲ್ಲಿ ಅದು ನಮ್ಮ ಶಾಲೆಗೆ ಬಂತು. ಕೆಂಪು ಗೆರೆಯ ಕೆಳಗೆ ಅದೇ ಕೆಂಪು ಶಾಯಿಯಲ್ಲಿ 'ನಿನ್ನ ಅಳತೆ ಸರಿ. ನನ್ನ ಗೆರೆ ತಪ್ಪು' ಎಂದು ಬರೆದು ಸಹಿ ಹಾಕಿದೆ. ಸಂಜೆ ನಾನೇ ಅವಳ ಮನೆಗೆ ಹೋಗಿ ಕೊಟ್ಟೆ.

ಅವಳು ಓದಿ, "ನಂಗೆ ಗೊತ್ತಿತ್ತು ಸಾ. ಮೂರು ಸಲ ನೋಡಿದ್ದೆ" ಎಂದಳು. ಆಮೇಲೆ ಕೇಳಿದಳು, "ಆದ್ರೆ ಯಾಕೆ ಸಾ ಹಂಗಾಯ್ತು? ದೊಡ್ಡ ಅಂಕಿ ಹಾಕಿ ನಿಧಾನದ್ದು ಯಾಕೆ ಮಾಡ್ತಾರೆ?"

ಅಂದು ನನಗೆ ಪೂರ್ತಿ ಉತ್ತರ ಗೊತ್ತಿರಲಿಲ್ಲ. ಹುಡುಕುತ್ತ ಹೋದೆ. ಸಿಕ್ಕಿದ್ದನ್ನು ನಿಮಗೆ ಹೇಳುತ್ತೇನೆ.

ಹೆಂಚು ಸಾಗಿಸುವ ಸಾಲು

ಮಳೆಗಾಲಕ್ಕೆ ಮೊದಲು ಶಾಲೆಯ ಸೂರಿಗೆ ಹೆಂಚು ಹೊದಿಸುವುದನ್ನು ನೋಡಿದ್ದೀರಾ? ರಾಶಿಯಿಂದ ಸೂರಿನವರೆಗೆ ಜನ ಸಾಲಾಗಿ ನಿಲ್ಲುತ್ತಾರೆ. ಹೆಂಚು ಕೈಯಿಂದ ಕೈಗೆ ಹೋಗುತ್ತದೆ. ಸಾಲಿನಲ್ಲಿ 14 ಜನ ಇದ್ದರೆ ಪ್ರತಿಯೊಬ್ಬರೂ ಎರಡು ಹೆಜ್ಜೆ ನಡೆದು ಕೊಡಬೇಕು. ಅದೇ 31 ಜನ ಇದ್ದರೆ ನಡೆಯುವುದೇ ಬೇಡ, ತಿರುಗಿ ಕೊಟ್ಟರಾಯಿತು. ಕೈಯಿಂದ ಕೈಗೆ ಹೋಗುವ ತಾಳ ಬಹಳ ಚುರುಕಾಗುತ್ತದೆ.

ಪ್ರೊಸೆಸರ್‌ಗಳ ಒಳಗೂ ಇಂತಹದೇ ಸಾಲು ಇದೆ. ಅದಕ್ಕೆ 'ಪೈಪ್‌ಲೈನ್' ಎಂದು ಹೆಸರು. ಒಂದು ಆದೇಶವನ್ನು ತರುವುದು, ಅರ್ಥ ಮಾಡಿಕೊಳ್ಳುವುದು, ಲೆಕ್ಕ ಮಾಡುವುದು, ಉತ್ತರ ಬರೆದಿಡುವುದು, ಹೀಗೆ ಕೆಲಸವನ್ನು ಹಂತಗಳಾಗಿ ಒಡೆಯುತ್ತಾರೆ. ಹಂತಗಳು ಚಿಕ್ಕವಾದಷ್ಟೂ ಟಿಕ್ ಬೇಗ ಬೇಗ ಆಗಬಹುದು.

ಇಂಟೆಲ್ ಕಂಪನಿ 2000ದ ನವೆಂಬರ್‌ನಲ್ಲಿ ಪೆಂಟಿಯಂ 4 ಎಂಬ ಪ್ರೊಸೆಸರನ್ನು ತಂದಿತು. ಅದರಲ್ಲಿ 20 ಹಂತಗಳ ಸಾಲು. 2004ರ ಹೊಸ ಪೆಂಟಿಯಂ 4ರಲ್ಲಿ 31 ಹಂತಗಳು! ಗಿಗಾಹರ್ಟ್ಸ್ ಅಂಕಿ ಏರುತ್ತಲೇ ಹೋಯಿತು. ಅಂಗಡಿಯಲ್ಲಿ ಜನ ನೋಡುತ್ತಿದ್ದದ್ದೂ ಆ ಅಂಕಿಯನ್ನೇ.

ಆದರೆ ಸಾಲು ಉದ್ದವಾದರೆ ಒಂದು ತೊಂದರೆ ಇದೆ. ಸೂರಿನ ಮೇಲಿನ ಮೇಸ್ತ್ರಿ ಇದ್ದಕ್ಕಿದ್ದಂತೆ, "ಈ ಹೆಂಚು ಬೇಡ, ಮೂಲೆ ಹೆಂಚು ಕೊಡಿ" ಎಂದರೆ ಏನಾಗುತ್ತದೆ? ಸಾಲಿನಲ್ಲಿರುವ ಅಷ್ಟೂ ಹೆಂಚುಗಳು ವ್ಯರ್ಥ. ಎಲ್ಲವನ್ನೂ ಕೆಳಗಿಳಿಸಿ ಮೊದಲಿನಿಂದ ಶುರು ಮಾಡಬೇಕು. 14 ಜನರ ಸಾಲಿನಲ್ಲಿ 14 ಹೆಂಚು ವ್ಯರ್ಥವಾದರೆ 31 ಜನರ ಸಾಲಿನಲ್ಲಿ 31.

ಪ್ರೊಸೆಸರ್‌ಗೂ ಇಂತಹ ಸಂದರ್ಭ ಪದೇ ಪದೇ ಬರುತ್ತದೆ. 'ಅಂಕ 35ಕ್ಕಿಂತ ಕಡಿಮೆ ಇದ್ದರೆ ಹೀಗೆ ಮಾಡು, ಇಲ್ಲದಿದ್ದರೆ ಹಾಗೆ ಮಾಡು' ಎಂಬಂತಹ ಆದೇಶ ಬಂದಾಗ, ಉತ್ತರಕ್ಕೆ ಕಾಯದೆ ಅದು ಒಂದು ದಾರಿಯನ್ನು ಊಹಿಸಿ ಮುಂದಿನ ಆದೇಶಗಳನ್ನು ಸಾಲಿಗೆ ತುಂಬುತ್ತದೆ. ಊಹೆ ಬಹುಮಟ್ಟಿಗೆ ಸರಿಯಾಗಿರುತ್ತದೆ. ತಪ್ಪಿದರೆ ಸಾಲನ್ನೆಲ್ಲ ಖಾಲಿ ಮಾಡಬೇಕು!

ಹಾಗಾದರೆ ಆ ಎಂಜಿನಿಯರರು ದಡ್ಡರೇ? ಖಂಡಿತ ಅಲ್ಲ. ಊಹೆ ತಪ್ಪಿ ಆಗುವ ನಷ್ಟವನ್ನು ಟಿಕ್‌ಗಳ ವೇಗ ತುಂಬಿಕೊಡುತ್ತದೆ ಎಂಬುದು ಅವರ ಲೆಕ್ಕ. ಮುಂದೊಂದು ದಿನ 10 ಗಿಗಾಹರ್ಟ್ಸ್ ಮುಟ್ಟಬಹುದೆಂಬ ನಿರೀಕ್ಷೆಯೂ ಇತ್ತು. ಒಂದನ್ನು ಕೊಟ್ಟು ಇನ್ನೊಂದನ್ನು ಪಡೆಯುವ ವ್ಯವಹಾರ ಅದು. ಆದರೆ ಆ ವ್ಯವಹಾರದ ನಡುವೆ ಬಿಸಿ ಬಂದು ನಿಂತಿತು.

ಇಸ್ತ್ರಿ ಪೆಟ್ಟಿಗೆಯೂ ತಂಪು!

2004ರ ಪೆಂಟಿಯಂ 4ರಲ್ಲಿ ವೇಗದ ಮಾದರಿಗಳು ಸುಮಾರು 115 ವಾಟ್ ಬಿಸಿ ಹೊರಬಿಡುವಂತೆ ಇದ್ದವು. ಆ ಸಿಲಿಕಾನ್ ತುಣುಕಿನ ವಿಸ್ತೀರ್ಣ ಸುಮಾರು 1.1 ಚದರ ಸೆಂಟಿಮೀಟರ್. ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 100 ವಾಟ್. ನಮ್ಮ ಮನೆಯ 1000 ವಾಟ್ ಇಸ್ತ್ರಿ ಪೆಟ್ಟಿಗೆಯ ತಳ 200 ಚದರ ಸೆಂಟಿಮೀಟರ್ ಇದೆ ಎಂದುಕೊಳ್ಳಿ. ಪ್ರತಿ ಚದರ ಸೆಂಟಿಮೀಟರಿಗೆ ಬರುವುದು 5 ವಾಟ್ ಮಾತ್ರ! ಕಂಪ್ಯೂಟರಿನೊಳಗೆ ಪ್ರೊಸೆಸರ್ ಮೇಲೆ ಲೋಹದ ಪಟ್ಟಿಗಳ ದೊಡ್ಡ ಗಡ್ಡೆ ಮತ್ತು ಫ್ಯಾನು ಏಕಿರುತ್ತವೆ ಎಂದು ಈಗ ತಿಳಿಯಿತೇ?

ಇನ್ನೊಂದು ಸಣ್ಣ ಲೆಕ್ಕ ಮಾಡೋಣ. ಪ್ರೊಸೆಸರ್ ಕೆಲಸ ಮಾಡುವಾಗ ಬಳಸುವ ವಿದ್ಯುತ್ತು, ಟಿಕ್‌ಗಳ ವೇಗ × ವೋಲ್ಟೇಜ್ × ವೋಲ್ಟೇಜ್ ಇದರಂತೆ ಏರುತ್ತದೆ. ತೀರಾ ವೇಗವಾಗಿ ಓಡಿಸಬೇಕಾದರೆ ವೋಲ್ಟೇಜನ್ನೂ ಹೆಚ್ಚಿಸಬೇಕು. ವೇಗವನ್ನು ನೂರಕ್ಕೆ 10ರಷ್ಟು, ವೋಲ್ಟೇಜನ್ನೂ ನೂರಕ್ಕೆ 10ರಷ್ಟು ಹೆಚ್ಚಿಸಿದೆವು ಎನ್ನಿ.

1.1 × 1.1 × 1.1 = 1.331

ಸಿಕ್ಕಿದ ವೇಗ ನೂರಕ್ಕೆ 10. ಹೆಚ್ಚಿದ ಬಿಸಿ ನೂರಕ್ಕೆ 33! ಇದರ ಜೊತೆಗೆ ಟ್ರಾನ್ಸಿಸ್ಟರ್‌ಗಳು ಚಿಕ್ಕವಾದಂತೆ, ಮುಚ್ಚಿದ ನಲ್ಲಿಯಿಂದಲೂ ನೀರು ತೊಟ್ಟಿಕ್ಕುವ ಹಾಗೆ, ಸುಮ್ಮನಿರುವಾಗಲೂ ವಿದ್ಯುತ್ತು ಸೋರತೊಡಗಿತು. ಪೆಂಟಿಯಂ 4 ಕೊನೆಗೆ 3.8 ಗಿಗಾಹರ್ಟ್ಸ್‌ಗೆ ನಿಂತಿತು. 4 ಗಿಗಾಹರ್ಟ್ಸ್‌ನ ಮಾದರಿ ತರುತ್ತೇವೆಂದಿದ್ದ ಕಂಪನಿ 2004ರ ಅಕ್ಟೋಬರ್‌ನಲ್ಲಿ ಅದನ್ನು ಕೈಬಿಟ್ಟಿತು.

ಈಗ ಲೆಕ್ಕವನ್ನು ತಿರುಗಿಸಿ ನೋಡಿ. ವೇಗವನ್ನೂ ವೋಲ್ಟೇಜನ್ನೂ ನೂರಕ್ಕೆ 20ರಷ್ಟು ಕಡಿಮೆ ಮಾಡಿದರೆ?

0.8 × 0.8 × 0.8 = 0.512

ಬಿಸಿ ಸುಮಾರು ಅರ್ಧಕ್ಕೆ ಇಳಿಯಿತು! ಹಾಗಾದರೆ ಅಷ್ಟೇ ಬಿಸಿಯಲ್ಲಿ ಇಂತಹ ಎರಡನ್ನು ಒಟ್ಟಿಗೆ ಇಡಬಹುದಲ್ಲವೇ? ಎರಡೂ ಸೇರಿ 0.8 + 0.8 = 1.6 ಪಾಲು ಕೆಲಸ! ಹೀಗೆ ಒಂದೇ ಪ್ರೊಸೆಸರ್‌ನಲ್ಲಿ ಎರಡು, ನಾಲ್ಕು, ಎಂಟು ಲೆಕ್ಕಗಾರರು ಬಂದರು. ಒಬ್ಬೊಬ್ಬ ಲೆಕ್ಕಗಾರನಿಗೂ 'ಕೋರ್' ಎಂದು ಹೆಸರು.

2006ರ ಜುಲೈನಲ್ಲಿ ಬಂದ ಕೋರ್ 2 ಡ್ಯುಯೊ ಇಂತಹದು. ಇದರ ಮೂಲ ವಿನ್ಯಾಸ ಇಸ್ರೇಲಿನ ಹೈಫಾ ನಗರದಲ್ಲಿದ್ದ ಇಂಟೆಲ್ ತಂಡದ್ದು. ಅವರು ಮೊದಲು ಲ್ಯಾಪ್‌ಟಾಪ್‌ಗಳಿಗೆ ಪ್ರೊಸೆಸರ್ ಮಾಡುತ್ತಿದ್ದವರು. ಬ್ಯಾಟರಿಯಲ್ಲಿ ಓಡುವ ಯಂತ್ರವಾದ್ದರಿಂದ ಹಾಸಿಗೆ ಇದ್ದಷ್ಟೇ ಕಾಲು ಚಾಚುವುದು ಅವರಿಗೆ ರೂಢಿಯಾಗಿತ್ತು. ಸಾಲು 14 ಹಂತಕ್ಕೆ ಇಳಿಯಿತು. ಟಿಕ್‌ಗಳ ವೇಗ ಕಡಿಮೆಯಾಯಿತು. ಆದರೆ ಪ್ರತಿ ಟಿಕ್ಕಿನಲ್ಲೂ ಹೆಚ್ಚು ಕೆಲಸ. ಬಿಸಿ 65 ವಾಟ್.

ದೊಡ್ಡ ಅಂಕಿ ಮೋಸ ಮಾಡಬಹುದು ಎಂಬುದು ಇನ್ನೊಂದು ಕಂಪನಿಗೆ ಮೊದಲೇ ಗೊತ್ತಿತ್ತು. ಎಎಂಡಿ ಕಂಪನಿ 2001ರಲ್ಲಿ ತನ್ನ ಒಂದು ಪ್ರೊಸೆಸರ್‌ಗೆ 1800+ ಎಂದು ಹೆಸರಿಟ್ಟಿತು. ಅದರ ನಿಜವಾದ ವೇಗ 1533 ಮೆಗಾಹರ್ಟ್ಸ್. ಟಿಕ್ ಕಡಿಮೆ ಇದ್ದರೂ ಕೆಲಸ ಹೆಚ್ಚು ಎಂದು ಜನರಿಗೆ ಹೇಳಲು ಅವರು ಕಂಡುಕೊಂಡ ದಾರಿ ಅದು!

ಆದರೆ ಎರಡು ಕೋರ್ ಇದ್ದರೆ ಎಲ್ಲ ಕೆಲಸವೂ ಬೇಗ ಆಗುತ್ತದೆಯೇ? ಬಿಸಿಯೂಟದ ಅಡುಗೆಮನೆ ನೋಡಿ. ಒಬ್ಬರು ಅಕ್ಕಿ ಆರಿಸುವಾಗ ಇನ್ನೊಬ್ಬರು ತರಕಾರಿ ಹೆಚ್ಚಬಹುದು. ಆದರೆ ಅನ್ನ ಬೇಯುವ ಮೊದಲು ಎಷ್ಟು ಜನ ಇದ್ದರೂ ಬಡಿಸಲಾಗದು. ಹಂಚಿಕೊಳ್ಳಲು ಬರುವ ಕೆಲಸಕ್ಕೆ ಮಾತ್ರ ಹೆಚ್ಚು ಕೋರ್‌ಗಳಿಂದ ಲಾಭ.

ನಮ್ಮ ನಾಡಿಗೂ ಈ ಕಥೆಯಲ್ಲಿ ಪಾಲಿದೆ. 2008ರಲ್ಲಿ ಇಂಟೆಲ್ ದೊಡ್ಡ ಸರ್ವರ್ ಕಂಪ್ಯೂಟರ್‌ಗಳಿಗಾಗಿ ತಂದ 6 ಕೋರ್‌ಗಳ ಪ್ರೊಸೆಸರ್ ವಿನ್ಯಾಸಗೊಂಡದ್ದು ಬೆಂಗಳೂರಿನಲ್ಲಿ. ಅದರಲ್ಲಿ ಸುಮಾರು 190 ಕೋಟಿ ಟ್ರಾನ್ಸಿಸ್ಟರ್‌ಗಳಿದ್ದವು.

ಅಟ್ಟ ಮತ್ತು ಹಗೇವು

ಈಗ ಇತ್ತೀಚಿನ ಪ್ರೊಸೆಸರ್‌ಗಳಿಗೆ ಬರೋಣ. ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಹೋಗುತ್ತದೆ. 3 ಗಿಗಾಹರ್ಟ್ಸ್‌ನ ಒಂದು ಟಿಕ್ಕಿನಲ್ಲಿ ಅದು ಎಷ್ಟು ದೂರ ಹೋಗಬಹುದು? ಕೇವಲ 10 ಸೆಂಟಿಮೀಟರ್! ನಿಮ್ಮ ಕಂಪಾಸ್ ಪೆಟ್ಟಿಗೆಯ ಅಳತೆಪಟ್ಟಿಗಿಂತಲೂ ಕಡಿಮೆ. ಹಾಗಿರುವಾಗ ಬೇರೆ ಕಡೆ ಇರುವ ಮೆಮೊರಿಯಿಂದ ಒಂದು ಸಂಖ್ಯೆ ತರಬೇಕಾದರೆ ಪ್ರೊಸೆಸರ್ ನೂರಾರು ಟಿಕ್ ಸುಮ್ಮನೆ ಕಾಯಬೇಕಾಗುತ್ತದೆ.

ಅಜ್ಜಿ ಒಗ್ಗರಣೆ ಹಾಕುವಾಗ ಸಾಸಿವೆಗೆಂದು ಸಂತೆಗೆ ಓಡುತ್ತಾರೆಯೇ? ಇಲ್ಲ. ಒಲೆಯ ಪಕ್ಕದಲ್ಲೇ ಒಗ್ಗರಣೆ ಡಬ್ಬಿ ಇರುತ್ತದೆ. ಪ್ರೊಸೆಸರ್ ಒಳಗೆ ಅಂತಹ ಡಬ್ಬಿಗೆ 'ಕ್ಯಾಶ್' ಎನ್ನುತ್ತಾರೆ. ಡಬ್ಬಿ ದೊಡ್ಡದಾದರೆ ಓಡಾಟ ಕಡಿಮೆ. ಆದರೆ ಅದಕ್ಕೆ ಜಾಗ ಬೇಕು, ಸಿಲಿಕಾನ್ ದುಬಾರಿ.

ಜಾಗ ಇಲ್ಲದಾಗ ನಮ್ಮ ಹಿರಿಯರು ಏನು ಮಾಡುತ್ತಿದ್ದರು? ಅಟ್ಟ ಕಟ್ಟುತ್ತಿದ್ದರು. 2022ರ ಏಪ್ರಿಲ್‌ನಲ್ಲಿ ಎಎಂಡಿ ಅದನ್ನೇ ಮಾಡಿತು. ರೈಜೆನ್ 7 5800ಎಕ್ಸ್3ಡಿ ಎಂಬ ಪ್ರೊಸೆಸರ್‌ನಲ್ಲಿ 32 ಮೆಗಾಬೈಟ್ ಕ್ಯಾಶ್ ಮೇಲೆ ಇನ್ನೂ 64 ಮೆಗಾಬೈಟ್‌ನ ಪದರವನ್ನು ಕೂರಿಸಿತು. ಒಟ್ಟು 96! ಕಂಪ್ಯೂಟರ್ ಆಟಗಳಂತಹ ಕೆಲಸಗಳಿಗೆ ಬಹಳ ಅನುಕೂಲವಾಯಿತು. ಆದರೆ ಕೊಟ್ಟದ್ದೇನು? ಒಲೆ ಇರುವ ಮನೆಗೆ ಅಟ್ಟ ಹಾಕಿದರೆ ಹೊಗೆ, ಬಿಸಿ ಹೊರಗೆ ಹೋಗುವುದು ಕಷ್ಟ. ಇಲ್ಲಿಯೂ ಮೇಲಿನ ಪದರದಿಂದ ಕೋರ್‌ಗಳ ಬಿಸಿ ಹೊರಬರುವ ದಾರಿ ಬಿಗಿಯಾಯಿತು. ಅಟ್ಟವಿಲ್ಲದ ಮಾದರಿಯ ಗರಿಷ್ಠ ವೇಗ 4.7 ಗಿಗಾಹರ್ಟ್ಸ್ ಇದ್ದರೆ ಅಟ್ಟವಿರುವುದರದ್ದು 4.5ಕ್ಕೆ ಇಳಿಯಿತು. ಟಿಕ್ ಕೊಟ್ಟು ಡಬ್ಬಿ ಪಡೆದರು!

ಮುಂದೇನಾಯಿತು ಗೊತ್ತೇ? 2024ರ ನವೆಂಬರ್‌ನಲ್ಲಿ ಬಂದ ರೈಜೆನ್ 7 9800ಎಕ್ಸ್3ಡಿಯಲ್ಲಿ ಆ ಪದರವನ್ನು ಕೋರ್‌ಗಳ ಕೆಳಗೆ ಇಟ್ಟರು. ನಮ್ಮ ಕಡೆ ರಾಗಿ ತುಂಬಿಡಲು ನೆಲದೊಳಗೆ ಹಗೇವು ತೋಡುತ್ತಿದ್ದರಲ್ಲ, ಹಾಗೆ! ಈಗ ಕೋರ್‌ಗಳ ಬಿಸಿ ನೇರವಾಗಿ ಮೇಲೆ ಹೋಗುತ್ತದೆ. ಗರಿಷ್ಠ ವೇಗ 5.2 ಗಿಗಾಹರ್ಟ್ಸ್‌ಗೆ ಏರಿತು.

ದೊಡ್ಡ ಕೋರ್, ಚಿಕ್ಕ ಕೋರ್

ಇಂಟೆಲ್ 2021ರ ನವೆಂಬರ್‌ನಲ್ಲಿ ಡೆಸ್ಕ್‌ಟಾಪ್‌ಗಳಿಗೆ ಬೇರೊಂದು ದಾರಿ ಹಿಡಿಯಿತು. ಅದರ ಕೋರ್ ಐ9-12900ಕೆ ಪ್ರೊಸೆಸರ್‌ನಲ್ಲಿ 8 ದೊಡ್ಡ ಕೋರ್‌ಗಳು, 8 ಚಿಕ್ಕ ಕೋರ್‌ಗಳು. ಒಂದು ದೊಡ್ಡ ಕೋರ್ ಹಿಡಿಸುವ ಜಾಗದಲ್ಲಿ ಸುಮಾರು ನಾಲ್ಕು ಚಿಕ್ಕವು ಹಿಡಿಸುತ್ತವೆ. ಅವಸರದ ಕೆಲಸ ದೊಡ್ಡದಕ್ಕೆ, ಹಂಚಿಕೊಳ್ಳಬಹುದಾದ ಕೆಲಸ ಚಿಕ್ಕವಕ್ಕೆ.

ಮದುವೆ ಮನೆಯಲ್ಲಿ ಒಬ್ಬ ನುರಿತ ಬಾಣಸಿಗರು ಇರುತ್ತಾರೆ, ತರಕಾರಿ ಹೆಚ್ಚಲು, ಕಾಯಿ ತುರಿಯಲು ಹತ್ತು ಕೈಗಳಿರುತ್ತವೆ. ಎಲ್ಲರೂ ಬಾಣಸಿಗರೇ ಆದರೆ ಖರ್ಚು ಹೆಚ್ಚು. ಬಾಣಸಿಗರೇ ಇಲ್ಲದಿದ್ದರೆ ಹೋಳಿಗೆಯೇ ಆಗದು.

ಇಲ್ಲೂ ಕೊಡಬೇಕಾದದ್ದು ಇತ್ತು. ಯಾವ ಕೆಲಸ ಯಾರಿಗೆ ಎಂದು ಹಂಚುವವರು ತಪ್ಪಿದರೆ ಅವಸರದ ಕೆಲಸ ಚಿಕ್ಕ ಕೋರ್‌ನಲ್ಲಿ ಸಿಕ್ಕಿಕೊಳ್ಳುತ್ತದೆ. ಅಷ್ಟೇ ಅಲ್ಲ, ದೊಡ್ಡ ಕೋರ್‌ಗಳಿಗೆ ಗೊತ್ತಿದ್ದ ಒಂದು ಬಗೆಯ ದೊಡ್ಡ ಲೆಕ್ಕದ ಆದೇಶಗಳು ಚಿಕ್ಕವಕ್ಕೆ ಗೊತ್ತಿರಲಿಲ್ಲ. ಹಾಗಾಗಿ ದೊಡ್ಡವುಗಳಲ್ಲಿಯೂ ಅದನ್ನು ಮುಚ್ಚಿಡಬೇಕಾಯಿತು! ಎಲ್ಲ ಕೋರ್‌ಗಳೂ ಪೂರ್ಣ ಹುರುಪಿನಲ್ಲಿ ದುಡಿದರೆ ಈ ಪ್ರೊಸೆಸರ್ 241 ವಾಟ್‌ವರೆಗೆ ವಿದ್ಯುತ್ ಬಳಸಬಲ್ಲದು. 75 ವಾಟ್‌ನ ಮೂರು ಸೀಲಿಂಗ್ ಫ್ಯಾನುಗಳಿಗಿಂತ ಹೆಚ್ಚು.

2024ರ ಅಕ್ಟೋಬರ್‌ನಲ್ಲಿ ಬಂದ ಕೋರ್ ಅಲ್ಟ್ರಾ 9 285ಕೆ ಇನ್ನೊಂದು ಉದಾಹರಣೆ. ಹಿಂದಿನ ಪ್ರೊಸೆಸರ್‌ನಲ್ಲಿ ಪ್ರತಿ ದೊಡ್ಡ ಕೋರ್ ಏಕಕಾಲದಲ್ಲಿ ಎರಡು ಕೆಲಸ ನೋಡಿಕೊಳ್ಳುತ್ತಿತ್ತು, ಒಬ್ಬರೇ ಎರಡು ಒಲೆ ನೋಡಿಕೊಂಡ ಹಾಗೆ. ಹೊಸದರಲ್ಲಿ ಅದನ್ನು ಬಿಟ್ಟರು. ಗರಿಷ್ಠ ವೇಗವೂ 6.0 ಗಿಗಾಹರ್ಟ್ಸ್‌ನಿಂದ 5.7ಕ್ಕೆ ಇಳಿಯಿತು. ಕೆಲವು ಆಟಗಳಲ್ಲಿ ಅದು ಹಿಂದಿನದಕ್ಕಿಂತ ಹಿಂದೆ ಬಿತ್ತು. ಆದರೆ ವಿದ್ಯುತ್ ಬಳಕೆ ಕಡಿಮೆಯಾಯಿತು. ಯಾವುದು ಒಳ್ಳೆಯದು? ಏನು ಕೆಲಸ ಎಂದು ಕೇಳದೆ ಇದಕ್ಕೆ ಉತ್ತರ ಹೇಳಲಾಗದು.

ಇಪ್ಪತ್ತು ವರ್ಷಗಳ ಈ ಕಥೆಯಲ್ಲಿ ಒಂದು ಮಾತು ಮಾತ್ರ ಬದಲಾಗಿಲ್ಲ. ವೇಗ, ಬಿಸಿ, ಜಾಗ, ಬೆಲೆ, ಈ ನಾಲ್ಕೂ ಒಂದೇ ಹಗ್ಗದಲ್ಲಿ ಕಟ್ಟಿದವು. ಒಂದನ್ನು ಎಳೆದರೆ ಇನ್ನೊಂದು ಅಲ್ಲಾಡುತ್ತದೆ. ಎಲ್ಲದರಲ್ಲೂ ಗೆಲ್ಲುವ ಪ್ರೊಸೆಸರನ್ನು ಈವರೆಗೆ ಯಾರೂ ಮಾಡಿಲ್ಲ.

ಮತ್ತೆ ಆ ಶಾಲೆಗೆ

2008ರ ಆ ಸೋಮವಾರದ ಮರುದಿನವೇ ನಾನು ಶಾಲೆಯಲ್ಲಿ ಹಳೆಯ ನಿಯಮವನ್ನು ತೆಗೆದುಹಾಕಿದೆ. ಎರಡೂ ಯಂತ್ರಗಳ ಮುಂದೆ ಎಲ್ಲರೂ ಸರದಿಯಂತೆ ಕುಳಿತರು. ಯಂತ್ರವನ್ನು ಒಂದೇ ಅಂಕಿಯಿಂದ ಅಳೆದು ಮೋಸ ಹೋಗಿದ್ದೆ. ಮಕ್ಕಳನ್ನೂ ಒಂದೇ ಅಂಕದಿಂದ ಅಳೆದು ಎರಡು ಗುಂಪು ಮಾಡಿದ್ದೆನಲ್ಲ! ನಿಧಾನದ ಯಂತ್ರವೆಂದು ನಾನು ತಿಳಿದದ್ದರ ಮುಂದೆ, ಹಿಂದುಳಿದವಳೆಂದು ನಾನು ಕೂರಿಸಿದ್ದ ಹುಡುಗಿಯೇ ಅಲ್ಲವೇ ಗಡಿಯಾರ ನೋಡಿದ್ದು? ಮುಂದಿನ ಸಾಲಿನ ಯಾರೂ ಅಳೆದು ನೋಡಿರಲಿಲ್ಲ. ನಾನೂ ನೋಡಿರಲಿಲ್ಲ.

ಈಗ ಜಿಲ್ಲೆಯ ಶಾಲೆಗಳಿಗೆ ಹೋದಾಗ ಯಾವ ವಿದ್ಯಾರ್ಥಿ ಏನೇ ಹೇಳಿದರೂ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. "ಅಳೆದಿದ್ದೀಯಾ? ಎಷ್ಟು ಸಲ?" ಮೂರು ಸಲ ಎಂದರೆ ನನ್ನ ಕೆಂಪು ಪೆನ್ನು ಜೇಬಿನಲ್ಲೇ ಇರುತ್ತದೆ.

ನೀವೇ ಮಾಡಿ ನೋಡಿ

ಬೇಕಾಗುವ ವಸ್ತುಗಳು: ಸಾಕಷ್ಟು ಕಡಲೆಕಾಯಿ, ಸೆಕೆಂಡು ಮುಳ್ಳಿನ ಗಡಿಯಾರ, ಏಳೆಂಟು ಗೆಳೆಯರು.

1. ಮೊದಲು ಒಬ್ಬರೇ 20 ಕಡಲೆಕಾಯಿ ಸುಲಿಯಲು ಎಷ್ಟು ಸೆಕೆಂಡು ಬೇಕೆಂದು ಬರೆದುಕೊಳ್ಳಿ.

2. ಆಮೇಲೆ ನಾಲ್ವರು 20 ಕಾಯಿಗಳನ್ನು ಹಂಚಿಕೊಂಡು ಸುಲಿಯಿರಿ. ಸಮಯ ಕಾಲುಭಾಗಕ್ಕೆ ಇಳಿಯಿತೇ? ಇಳಿಯದಿದ್ದರೆ ಏಕೆ? ಹಂಚಲು ಎಷ್ಟು ಹೊತ್ತು ಹೋಯಿತು?

3. ಈಗ ಸಾಲು ಮಾಡಿ. ಒಬ್ಬರು ಕಾಯಿ ಒಡೆಯಲಿ, ಇನ್ನೊಬ್ಬರು ಬೀಜ ತೆಗೆಯಲಿ, ಮತ್ತೊಬ್ಬರು ಸಿಪ್ಪೆ ಎಸೆಯಲಿ. ನಡುವೆ ಗೆಳೆಯನೊಬ್ಬ "ಬದಲಿಸಿ!" ಎಂದು ಕೂಗಲಿ. ಕೂಗಿದ ಕೂಡಲೇ ಕೈಯಲ್ಲಿರುವುದನ್ನೆಲ್ಲ ಬದಿಗಿಟ್ಟು ಹೊಸ ಕಾಯಿಯಿಂದ ಶುರು ಮಾಡಬೇಕು. ಸಾಲಿಗೆ ಇನ್ನೂ ಇಬ್ಬರನ್ನು ಸೇರಿಸಿ ಅದನ್ನೇ ಮಾಡಿ. ಎಷ್ಟು ಕಾಯಿ ವ್ಯರ್ಥವಾಯಿತು?

ಪ್ರತಿಯೊಂದನ್ನೂ ಮೂರು ಸಲ ಮಾಡಿ, ನೋಟ್‌ಬುಕ್ಕಿನಲ್ಲಿ ಕೋಷ್ಟಕ ಬರೆಯಿರಿ. ಬೀಜ ತಿನ್ನುವುದು ಎಲ್ಲ ಬರೆದಾದ ಮೇಲೆ!

ನಿಮ್ಮ ಮೇಷ್ಟ್ರು, ಟೀಚರು ಅದನ್ನು ನೋಡಿ ತಪ್ಪು ಎಂದರೆ ಬೇಸರ ಮಾಡಿಕೊಳ್ಳಬೇಡಿ. ಅವರ ಮುಂದೆಯೇ ಇನ್ನೊಮ್ಮೆ ಅಳೆದು ತೋರಿಸಿ.